ಪಂದ್ಯಕ್ಕಿಂತ ಮೊದಲು ಬಂದ ಪತ್ರ



ಕತ್ತಿನ ಮೂಳೆ ಮುರಿದಿದ್ದರೂ ಪಂದ್ಯ ಮುಗಿಯುವ ತನಕ ಗೋಲು ಕಾಯ್ದ ಜರ್ಮನ್ ಆಟಗಾರರೊಬ್ಬರ ಸಂಗತಿಯನ್ನು ನೀವು ಎಲ್ಲಾದರೂ ಓದಿರಬಹುದು. ಅವರ ಹೆಸರು ಬರ್ಟ್ ಟ್ರೌಟ್‌ಮನ್. 1956ರ ಮೇ 5ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಎಫ್.ಎ. ಕಪ್ ಅಂತಿಮ ಪಂದ್ಯ ನಡೆಯುತ್ತಿತ್ತು. ಅವರು ಮ್ಯಾಂಚೆಸ್ಟರ್ ಸಿಟಿ ತಂಡದ ಗೋಲ್‌ಕೀಪರ್. ಆಟ ಮುಗಿಯಲು ಇನ್ನೂ ಕಾಲು ಗಂಟೆಗೂ ಹೆಚ್ಚು ಹೊತ್ತಿರುವಾಗ ಎದುರಾಳಿಯ ಕಾಲ ಬುಡಕ್ಕೆ ಹಾರಿ ಚೆಂಡು ಹಿಡಿದರು. ಆತನ ಮೊಣಕಾಲು ಇವರ ಕತ್ತಿಗೆ ಬಡಿಯಿತು. ಬದಲಿ ಆಟಗಾರರನ್ನು ಇಳಿಸುವ ನಿಯಮ ಆಗ ಇರಲಿಲ್ಲ. ಕಣ್ಣು ಮಂಜಾಗಿ, ಕತ್ತು ಹಿಡಿದುಕೊಂಡೇ ಆಡಿದರು. ಬರ್ಮಿಂಗ್‌ಹ್ಯಾಮ್ ಸಿಟಿಯ ವಿರುದ್ಧ ತಂಡ 3-1ರಿಂದ ಗೆದ್ದಿತು. ಕೆಲವು ದಿನಗಳ ಮೇಲೆ ಎಕ್ಸ್-ರೇ ತೆಗೆದಾಗಲೇ ಮೂಳೆ ಮುರಿದದ್ದು ತಿಳಿದದ್ದು.

ಅವರ ಹೆಸರು ಬಂದಾಗ ಎಲ್ಲರೂ ಹೇಳುವುದು ಇದನ್ನೇ. ನನಗೋ ಅದಕ್ಕಿಂತ ದೊಡ್ಡದಾಗಿ ಕಾಣುವುದು ಏಳು ವರ್ಷ ಮುಂಚೆ ಬೇರೊಬ್ಬರು ಬರೆದ ಒಂದು ಪತ್ರ.

ಟ್ರೌಟ್‌ಮನ್ ಹುಟ್ಟಿದ್ದು 1923ರಲ್ಲಿ, ಬ್ರೆಮೆನ್ ನಗರದಲ್ಲಿ. ಹತ್ತು ವರ್ಷ ತುಂಬುವ ಹೊತ್ತಿಗೇ ಹಿಟ್ಲರನ ಬಾಲಕರ ದಳ ಸೇರಿದ್ದರು. ಹದಿಹರೆಯದಲ್ಲೇ ಸೈನ್ಯಕ್ಕೆ ಹೋಗಿ, ರಷ್ಯಾದ ಕಡೆಯ ರಣರಂಗದಲ್ಲಿ ಪ್ಯಾರಾಶೂಟ್ ಸೈನಿಕರಾಗಿ ಹೋರಾಡಿ, ಐರನ್ ಕ್ರಾಸ್ ಪದಕ ಪಡೆದರು. 1945ರಲ್ಲಿ ಬ್ರಿಟಿಷರ ಕೈಗೆ ಸಿಕ್ಕಿ ಲ್ಯಾಂಕಾಶೈರಿನ ಯುದ್ಧಕೈದಿಗಳ ಶಿಬಿರ ಸೇರಿದರು. ಗೋಲು ಕಾಯುವುದಕ್ಕೆ ನಿಂತದ್ದೇ ಅಲ್ಲಿ. 1948ರಲ್ಲಿ ಊರಿಗೆ ಮರಳುವ ಅವಕಾಶ ಬಂದಾಗ ಬೇಡವೆಂದು ಅಲ್ಲೇ ಉಳಿದು, ಸೇಂಟ್ ಹೆಲೆನ್ಸ್ ಟೌನ್ ಎಂಬ ಸಣ್ಣ ತಂಡಕ್ಕೆ ಆಡತೊಡಗಿದರು.

1949ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರ್ ಸಿಟಿ ಅವರನ್ನು ಸೇರಿಸಿಕೊಂಡಿತು. ನಗರ ಕೆರಳಿತು. ಜರ್ಮನರ ಬಾಂಬು ಬಿದ್ದ ಊರು ಅದು; ಗಂಡ, ಮಗ, ಅಣ್ಣನನ್ನು ಕಳೆದುಕೊಂಡ ಮನೆಗಳು ಬೀದಿಬೀದಿಗೂ ಇದ್ದವು. ಯೆಹೂದ್ಯರ ಸಂಖ್ಯೆಯೂ ಅಲ್ಲಿ ದೊಡ್ಡದು. ಸುಮಾರು 20,000 ಜನ ಬೀದಿಗಿಳಿದರೆಂದು ಹೇಳುತ್ತಾರೆ. ವರ್ಷದ ಟಿಕೆಟು ಇದ್ದವರು ಆಟಕ್ಕೇ ಬರುವುದಿಲ್ಲವೆಂದರು. ಅವರ ಸಿಟ್ಟನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮ ಮನೆಯ ಹುಡುಗ ಸತ್ತಿದ್ದರೆ ನಾವೂ ಆ ಗುಂಪಿನಲ್ಲಿ ಇರುತ್ತಿರಲಿಲ್ಲವೇ?

ತಂಡದ ನಾಯಕ ಎರಿಕ್ ವೆಸ್ಟ್‌ವುಡ್ ನಾರ್ಮಂಡಿಯಲ್ಲಿ ಜರ್ಮನರ ಎದುರು ಹೋರಾಡಿದವರು. ಈ ಕೋಣೆಯೊಳಗೆ ಯುದ್ಧವಿಲ್ಲ ಎಂದು ಹೇಳಿ ಟ್ರೌಟ್‌ಮನ್‌ರನ್ನು ಬರಮಾಡಿಕೊಂಡರು. ಆದರೆ ಊರಿನ ಮನಸ್ಸನ್ನು ತಿರುಗಿಸುವುದಕ್ಕೆ ಇನ್ನೊಬ್ಬರು ಬೇಕಾಯಿತು. ಅವರು ನಗರದ ಯೆಹೂದ್ಯರ ರಬ್ಬಿ, ಅಲೆಕ್ಸಾಂಡರ್ ಆಲ್ಟ್‌ಮನ್. 1938ರಲ್ಲಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದವರು. ಅವರ ತಂದೆತಾಯಿಯರನ್ನು ನಾಜಿಗಳು ಕೊಂದಿದ್ದರು. ಅಂಥವರು ಪತ್ರಿಕೆಗೆ ಬಹಿರಂಗ ಪತ್ರ ಬರೆದು, ಜರ್ಮನರಿಂದ ನಾವು ಪಟ್ಟ ಪಾಡು ಭಯಂಕರವಾದರೂ ಆ ಅಪರಾಧಗಳಲ್ಲಿ ಪಾಲಿಲ್ಲದ ಒಬ್ಬ ವ್ಯಕ್ತಿಯನ್ನು ದ್ವೇಷದಿಂದ ಶಿಕ್ಷಿಸಬಾರದು, ಪ್ರತಿಯೊಬ್ಬನನ್ನೂ ಅವನವನ ಗುಣದಿಂದಲೇ ಅಳೆಯಬೇಕು ಎಂಬ ಅರ್ಥದ ಮಾತು ಹೇಳಿದರು.

ಗಮನಿಸಿ, ರಬ್ಬಿಗಳು "ಕ್ಷಮಿಸಿದೆವು" ಎನ್ನಲಿಲ್ಲ. ಸತ್ತವರ ಪರವಾಗಿ ಕ್ಷಮಿಸುವ ಅಧಿಕಾರ ಬದುಕಿರುವವರಿಗೆ ಇದೆಯೇ ಎಂಬುದು ಬಹಳ ಕಷ್ಟದ ಪ್ರಶ್ನೆ. ಅವರು ಕೇಳಿದ್ದು ಅದಕ್ಕಿಂತ ಚಿಕ್ಕದು: ಇಡೀ ಜನಾಂಗದ ಲೆಕ್ಕವನ್ನು ಒಬ್ಬನ ಹೆಸರಿಗೆ ಬರೆಯಬೇಡಿ. ಚಿಕ್ಕದೆಂದೆ, ಆದರೆ ಅಜ್ಜ ಮಾಡಿದ್ದಕ್ಕೆ ಮೊಮ್ಮಗನ ಮನೆಯ ಹೊಸಿಲು ತುಳಿಯದಿರುವ ನಮಗೆ ಅದು ಎಷ್ಟು ಕಷ್ಟವೆಂದು ಚೆನ್ನಾಗಿ ಗೊತ್ತು.

ಇನ್ನೊಂದು ಮಾತು. 1950ರ ಜನವರಿಯಲ್ಲಿ ಲಂಡನ್ನಿನ ಫುಲ್‌ಹ್ಯಾಮ್ ಮೈದಾನದಲ್ಲಿ ಜನ ಅವರನ್ನು "ನಾಜಿ" ಎಂದು ಕೂಗಿ ಹೀಯಾಳಿಸಿದರು. ತಂಡ ಸೋತದ್ದು ಒಂದೇ ಗೋಲಿನಿಂದ. ಅದಕ್ಕೆ ಕಾರಣ ಟ್ರೌಟ್‌ಮನ್ನರ ಆಟ. ಕೊನೆಗೆ ಅದೇ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಓದುವಾಗ ಮನಸ್ಸು ತುಂಬಿಬರುತ್ತದೆ, ನಿಜ. ಆದರೆ ಏಳು ಗೋಲು ಬಿಟ್ಟಿದ್ದರೆ? ಚಪ್ಪಾಳೆ ತಟ್ಟಿದವರು ಅವರನ್ನು ಒಪ್ಪಿಕೊಂಡದ್ದು ಸಾಮರ್ಥ್ಯ ನೋಡಿ. ದುಡಿದು ಸಂಪಾದಿಸಿದ್ದನ್ನು ಕೂಲಿ ಎನ್ನಬಹುದು, ಕರುಣೆ ಎನ್ನಲಾಗದು. ರಬ್ಬಿಗಳ ಪತ್ರ ಬಂದಾಗ ಊರು ಅವರ ಆಟವನ್ನು ಇನ್ನೂ ಸರಿಯಾಗಿ ನೋಡಿರಲಿಲ್ಲ. ಕ್ಷಮೆಯ ಪ್ರಾರ್ಥನೆಯನ್ನು ದಿನವೂ ಹೇಳುವ ನಾನು, ಎದುರಿನವನು ತನ್ನ ಯೋಗ್ಯತೆ ತೋರಿಸಲಿ ಎಂದು ಎಷ್ಟು ಸಲ ಕಾದು ಕುಳಿತಿದ್ದೇನೋ!

ಟ್ರೌಟ್‌ಮನ್ ಕೈಗೆ ಏನೂ ಅಂಟಿರಲಿಲ್ಲವೇ ಎಂದು ನೀವು ಕೇಳಬಹುದು. ಸೈನಿಕನಾಗಿದ್ದಾಗ ಯುಕ್ರೇನಿನ ಕಾಡೊಂದರಲ್ಲಿ ನಡೆದ ಸಾಮೂಹಿಕ ಕೊಲೆಯನ್ನು ಅವರು ಕಣ್ಣಾರೆ ಕಂಡಿದ್ದರು. ಅವರು ಕೊಂದವರಲ್ಲ, ತಡೆದವರೂ ಅಲ್ಲ. ತೀರ ಎಳೆಯ ವಯಸ್ಸು. ತಡೆಯಲು ಹೋಗಿದ್ದರೆ ಅವರ ಹೆಣವೂ ಅಲ್ಲೇ ಬೀಳುತ್ತಿತ್ತು. ಇದರಿಂದ ಅವರ ಪಾಲು ಇಲ್ಲವಾಯಿತೇ? ನನಗೆ ಉತ್ತರ ಸುಲಭವಾಗಿ ಸಿಗುತ್ತಿಲ್ಲ. ಅವರಿಗೂ ಸಿಕ್ಕಿರಲಾರದು, ಆ ನೆನಪು ಅವರನ್ನು ಮುಪ್ಪಿನವರೆಗೂ ಬಿಡಲಿಲ್ಲ.

ಮುಂದೆ ಮ್ಯಾಂಚೆಸ್ಟರ್ ಸಿಟಿಗೆ 545 ಪಂದ್ಯ ಆಡಿದರು. ಆ 1956ರಲ್ಲೇ, ಕಪ್ ಗೆದ್ದ ಕೆಲವು ವಾರಗಳಲ್ಲಿ, ಐದು ವರ್ಷದ ಮಗ ಕಾರಿಗೆ ಸಿಕ್ಕಿ ತೀರಿಕೊಂಡ. ಆ ಗಾಯ ಮಾಯಲೇ ಇಲ್ಲ, ಸಂಸಾರವೂ ಮುಂದೆ ಒಡೆಯಿತು. 2004ರಲ್ಲಿ ಬ್ರಿಟನ್ ಅವರಿಗೆ ಓ.ಬಿ.ಇ. ಗೌರವ ನೀಡಿತು. 2013ರಲ್ಲಿ, 89ನೆಯ ವಯಸ್ಸಿನಲ್ಲಿ, ಸ್ಪೇನಿನಲ್ಲಿ ನಿಧನರಾದರು.

ಪತ್ರ ಪ್ರಕಟವಾದ ಮೇಲಿನ ಒಂದು ಸಂಗತಿಯನ್ನು ಮುದುಕರಾದ ಮೇಲೆ ಅವರೇ ನೆನೆದಿದ್ದರು. ಊರು ತಣ್ಣಗಾಯಿತೆಂದು ಅವರು ಸುಮ್ಮನೆ ಕೂರಲಿಲ್ಲ. ಮ್ಯಾಂಚೆಸ್ಟರಿನ ಯೆಹೂದ್ಯರ ಬಳಿಗೆ ತಾವೇ ಹೋದರು. ತಾವು ಬೆಳೆದ ಜರ್ಮನಿ ಹೇಗಿತ್ತೆಂದು ಹೇಳಿದರು. ಅಂಥ ಸರ್ವಾಧಿಕಾರಿಯ ಕೈಕೆಳಗೆ ನೀವಿದ್ದರೆ ಏನು ಮಾಡುತ್ತಿದ್ದಿರಿ ಎಂದೂ ಕೇಳಿದರು. ಅವರು ಕೂತು ಕೇಳಿದರು.