ಮಣ್ಣಿನ ಕುಸ್ತಿಯೂ ಅಂಕದ ಕುಸ್ತಿಯೂ

ಯಾವುದಾದರೊಂದು ವಸ್ತುವು ಲೋಕದಲ್ಲಿ ಮನ್ನಣೆಯನ್ನು ಪಡೆದ ಮೇಲೆ ಅದರ ಹೆಸರನ್ನೇ ಧರಿಸಿ ಎರಡನೆಯದೊಂದು ಬರುವುದುಂಟು. ಬಂದೊಡನೆಯೇ ಜನರು ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ತೂಗಿದವರಲ್ಲಿ ಬಹುಮಂದಿ "ಮೊದಲಿನದೇ ಮೇಲು" ಎಂದು ಹೇಳಿ ತಕ್ಕಡಿಯನ್ನು ಕೆಳಗಿಡುತ್ತಾರೆ. ಮಗನನ್ನು ತಂದೆಯೊಡನೆಯೂ, ಹೊಸ ಉಪಾಧ್ಯಾಯನನ್ನು ಹಳೆಯ ಉಪಾಧ್ಯಾಯನೊಡನೆಯೂ, ಸೊಸೆಯ ಸಾರನ್ನು ಅತ್ತೆಯ ಸಾರಿನೊಡನೆಯೂ ಹೋಲಿಸುವುದು ಎಲ್ಲ ಮನೆಗಳಲ್ಲಿಯೂ ನಡೆಯತಕ್ಕ ವ್ಯವಹಾರವೇ. ಈ ಹೋಲಿಕೆಯು ನ್ಯಾಯವಾದುದೆ? ನ್ಯಾಯವಾದುದಾದರೆ ಅದನ್ನು ಯಾವ ಅಳತೆಯಿಂದ ಮಾಡತಕ್ಕದ್ದು? ಹಿಂದಿನದರಲ್ಲಿ ಇದ್ದುದು ಮುಂದಿನದರಲ್ಲಿ ಇಲ್ಲವೆಂಬುದಷ್ಟೇ ಮುಂದಿನದಕ್ಕೆ ದೋಷವಾಗುವುದೆ? ಈ ಪ್ರಶ್ನೆಯನ್ನು ಕಾಳಗದ ಆಟಗಳ ನಿದರ್ಶನದಿಂದ ವಿಚಾರಿಸಬಹುದು.

ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಹಿಂದಿನದೆಂಬ ಕಾರಣಕ್ಕಾಗಿಯೇ ಯಾವುದೂ ಮೇಲಾಗಲಾರದು. ಭಾಸನಂಥ ಪ್ರಸಿದ್ಧರ ಕೃತಿಗಳಿರುವಾಗ ಹೊಸ ಕವಿಯ ನಾಟಕಕ್ಕೆ ಆದರವೇಕೆ ಎಂಬ ಆಕ್ಷೇಪವು ಕಾಳಿದಾಸನಿಗೂ ತಪ್ಪಲಿಲ್ಲ. 'ಮಾಲವಿಕಾಗ್ನಿಮಿತ್ರ'ದ ಪ್ರಸ್ತಾವನೆಯಲ್ಲಿ ಅದಕ್ಕೆ ಅವನು ಉತ್ತರವನ್ನು ಕೊಟ್ಟಿದ್ದಾನೆ. ಅಂದು ಹೊಸಬನಾಗಿದ್ದವನೇ ಇಂದು ಮಿಕ್ಕವರನ್ನು ಅಳೆಯುವ ಕೋಲಾಗಿದ್ದಾನೆ. ಈಗಿನ ಮಕ್ಕಳು ಪರದೆಯ ಮೇಲೆ ಆಡುವ ಕಾಳಗದ ಆಟಗಳಲ್ಲಿಯೂ ಇದೇ ನ್ಯಾಯವು ಕಾಣುತ್ತದೆ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯವರು 1987ರಲ್ಲಿ 'ಸ್ಟ್ರೀಟ್ ಫೈಟರ್' ಎಂಬ ಆಟವನ್ನು ಹೊರತಂದರು. 1991ರಲ್ಲಿ ಬಂದ ಅದರ ಎರಡನೆಯ ಆಟವು ಮೊದಲನೆಯದನ್ನು ಜನರು ಮರೆಯುವಷ್ಟು ಕೀರ್ತಿಯನ್ನು ಪಡೆಯಿತು; ಕೈಕಾಲುಗಳನ್ನು ಹಗ್ಗದಂತೆ ನೀಳಮಾಡಿ ಹೊಡೆಯುವ ಧಾಲ್ಸಿಮ್ ಎಂಬ ಭಾರತದ ಯೋಗಿಯೊಬ್ಬನೂ ಅದರ ಮಲ್ಲರಲ್ಲಿ ಸೇರಿದ್ದನು. 1997ರಲ್ಲಿ ಮೂರನೆಯದು ಬಂದಾಗಲಾದರೋ ಹಳೆಯ ಮಲ್ಲರಲ್ಲಿ ರ್‍ಯೂ, ಕೆನ್ ಎಂಬಿಬ್ಬರ ಹೊರತು ಮಿಕ್ಕವರು ಅದರಲ್ಲಿರಲಿಲ್ಲ. ಪರಿಚಿತರಾದವರನ್ನು ಕಾಣದೆ ಹಳೆಯ ಆಟಗಾರರು ಬೇಸರಗೊಂಡರು. ಆದರೆ ಅದನ್ನೇ ತಿದ್ದಿ 1999ರಲ್ಲಿ ಹೊರತಂದ ರೂಪವನ್ನು ಆಟದ ಮರ್ಮವನ್ನು ಬಲ್ಲವರು ಇಂದಿಗೂ ಮೆಚ್ಚುತ್ತಾರೆ.

ಇದರಿಂದ ತಿಳಿಯತಕ್ಕದ್ದೇನೆಂದರೆ, ವಿಯೋಗದುಃಖವು ಬೇರೆ, ದೋಷವು ಬೇರೆ. ನಂಟನು ಮನೆಯಲ್ಲಿಲ್ಲವೆಂಬ ಅಳಲು ಮನೆಯ ಗೋಡೆಯಲ್ಲಿ ಬಿರುಕಿದೆಯೆಂಬುದಕ್ಕೆ ಪ್ರಮಾಣವಾಗದು. ಹಾಗಾದರೆ ಉತ್ತರಾಧಿಕಾರಿಯ ನಿಜವಾದ ದೋಷವನ್ನು ಎಲ್ಲಿ ಹುಡುಕಬೇಕು? ಪರದೆಯ ಮೇಲಿನ ಆಟದಲ್ಲಿ ಸೋತವನಿಗೆ ಮೈಯೇನೂ ನೋಯುವುದಿಲ್ಲ. ಆದುದರಿಂದ ಮೈಯನ್ನೇ ಒಡ್ಡಿ ಆಡುವ ಕನ್ನಡ ನಾಡಿನ ಕಾಳಗವೊಂದನ್ನು ತೆಗೆದುಕೊಂಡರೆ ಉತ್ತರವು ಸ್ಪಷ್ಟವಾಗುವುದು.

ಮೈಸೂರಿನ ದಸರೆಯ ಕಾಲದಲ್ಲಿ ದೇವರಾಜ ಅರಸು ಕ್ರೀಡಾಂಗಣದಲ್ಲಿ ಎರಡು ಬಗೆಯ ಕುಸ್ತಿಗಳು ನಡೆಯುತ್ತವೆ. ಒಂದು ಮಣ್ಣಿನ ಮೇಲೆ ಆಡುವ ನಾಡಕುಸ್ತಿ. ಮತ್ತೊಂದು ಮೆತ್ತನೆಯ ಹಾಸಿನ ಮೇಲೆ ಆಡುವ ಪಾಯಿಂಟ್ ಕುಸ್ತಿ, ಎಂದರೆ ಅಂಕದ ಕುಸ್ತಿ. ಮೊದಲನೆಯದು ಗರಡಿಮನೆಯಲ್ಲಿ ಹುಟ್ಟಿದುದು. ಅಲ್ಲಿ ಆಂಜನೇಯನ ಸನ್ನಿಧಿಯುಂಟು. ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ ಮೊದಲಾದವುಗಳನ್ನು ಬೆರಸಿ ಹದಮಾಡಿದ ಮಟ್ಟಿಯುಂಟು. ಹೊಸದಾಗಿ ಸೇರಿದ ಹುಡುಗನು ಮೊದಲು ಹಿಡಿಯುವುದು ಎದುರಾಳಿಯ ತೋಳನ್ನಲ್ಲ, ಗುದ್ದಲಿಯನ್ನು. ಮಣ್ಣನ್ನು ಅಗೆದು, ಹೆಂಟೆಗಳನ್ನು ಒಡೆದು, ದಂಡೆ ಬಸ್ಕಿಗಳನ್ನು ತೆಗೆದು, ಹಿರಿಯರ ಮೈ ತಿಕ್ಕಿ, ಕಾಲಕ್ರಮದಲ್ಲಿ ಪಟ್ಟುಗಳನ್ನು ಕಲಿಯತಕ್ಕವನು ಅವನು. ಕನ್ನಡದಲ್ಲಿ "ಇಂಥವರ ಗರಡಿಯಲ್ಲಿ ಪಳಗಿದವನು" ಎಂಬ ಮಾತು ಸಂಗೀತಗಾರನಿಗೂ ವಕೀಲನಿಗೂ ಸಲ್ಲುತ್ತದೆ. ವಿಜಯಪುರ, ದೇವನಹಳ್ಳಿ, ಹೊಸಕೋಟೆಗಳ ಕಡೆ ಕುಸ್ತಿಯನ್ನು ಕಣ್ಣಿನಿಂದಲೂ ನೋಡದವರು ಆ ಮಾತನ್ನು ಆಡುತ್ತಾರೆ. ಗರಡಿಯು ಬಲವನ್ನು ಪರೀಕ್ಷಿಸುವ ಸ್ಥಳ ಮಾತ್ರವಾಗಿರದೆ ಬಲವನ್ನು ಪಳಗಿಸುವ ಸ್ಥಳವೂ ಆಗಿತ್ತೆಂಬುದಕ್ಕೆ ಭಾಷೆಯೇ ಸಾಕ್ಷಿ.

ನಾಡಕುಸ್ತಿಯಲ್ಲಿ ಗೆಲುವೆಂದರೆ ಎದುರಾಳಿಯನ್ನು ಚಿತ್ ಮಾಡುವುದು. ಬೆನ್ನು ಮಣ್ಣಿಗೆ ತಾಗಿತೋ, ತೀರ್ಪುಗಾರನು ಬಾಯಿಬಿಡುವ ಮೊದಲೇ ನೆರೆದ ಸಾವಿರ ಮಂದಿಗೆ ತೀರ್ಪು ತಿಳಿದುಹೋಗುತ್ತದೆ. ಸೋತವನೂ ಅದನ್ನು ಅಲ್ಲಗಳೆಯಲಾರನು; ಅವನ ಬೆನ್ನ ಮೇಲಿನ ಮಣ್ಣೇ ಸಾಕ್ಷಿ ಹೇಳುತ್ತದೆ. ಹಾಸಿನ ಕುಸ್ತಿಯಲ್ಲಿಯೂ ಎರಡು ಭುಜಗಳನ್ನೂ ನೆಲಕ್ಕೆ ಒತ್ತಿ ಹಿಡಿದರೆ ಕಾಳಗವು ಅಲ್ಲಿಗೇ ಮುಗಿಯುತ್ತದೆಂಬುದನ್ನು ಮರೆಯಬಾರದು. ಆದರೆ ಅಲ್ಲಿ ಚಿತ್ ಮಾಡದೆಯೂ ಗೆಲ್ಲಬಹುದು. ಒಂಬತ್ತು ಮೀಟರು ಅಡ್ಡಳತೆಯ ವೃತ್ತದೊಳಗೆ ಮೂರು ಮೂರು ನಿಮಿಷಗಳ ಎರಡು ಸರದಿಗಳು. ನಡುವೆ ಮೂವತ್ತು ಸೆಕೆಂಡುಗಳ ವಿರಾಮ. ಎದುರಾಳಿಯನ್ನು ಕೆಡವಿದರೆ ಎರಡು ಅಂಕ, ವೃತ್ತದ ಹೊರಕ್ಕೆ ತಳ್ಳಿದರೆ ಒಂದು. ಫ್ರೀಸ್ಟೈಲ್ ಎಂಬ ಪದ್ಧತಿಯಲ್ಲಿ ಹತ್ತು ಅಂಕಗಳಷ್ಟು ಮುಂದಾದರೆ ಆಗಲೇ ಜಯ.

ಇಲ್ಲಿ ಹಳೆಯದರ ಅಭಿಮಾನಿಗಳು "ಇದೇನು ಕುಸ್ತಿ, ಲೆಕ್ಕದ ಪರೀಕ್ಷೆ!" ಎಂದು ಆಕ್ಷೇಪಿಸುವರು. ಆದರೆ ಅಂಕವು ಯಾವ ರೋಗಕ್ಕೆ ಔಷಧವಾಗಿ ಬಂದಿತೆಂಬುದನ್ನು ನೋಡದೆ ಅದನ್ನು ನಿಂದಿಸುವುದು ಸರಿಯಲ್ಲ. 1910ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲ್ವಾನನಿಗೂ ಪೋಲೆಂಡಿನ ಜ್ಬಿಸ್ಕೋ ಎಂಬ ಮಲ್ಲನಿಗೂ ಕಾಳಗವಾಯಿತು. ಗಾಮಾನ ಬಲವನ್ನು ಕಂಡ ಜ್ಬಿಸ್ಕೋ ಕಾಳಗದ ಬಹುಭಾಗವನ್ನು ನೆಲಕ್ಕೆ ಅಂಟಿಕೊಂಡೇ ಕಳೆದನು. ಎರಡೂವರೆ ಗಂಟೆಗಳ ಕಾಲ ಹೀಗೆ ನಡೆದರೂ ಚಿತ್ ಆಗಲಿಲ್ಲ, ಜಯಾಪಜಯಗಳು ತೀರ್ಮಾನವಾಗಲಿಲ್ಲ. ಚಿತ್ತೊಂದೇ ಗೆಲುವೆಂಬ ನಿಯಮವಿದ್ದಲ್ಲಿ ಕಾದದೆ ಇರುವವನೇ ಕಾಪಾಡಲ್ಪಡುತ್ತಾನೆ. ಅದೇ ಇಬ್ಬರೂ 1928ರಲ್ಲಿ ಪಟಿಯಾಲೆಯಲ್ಲಿ ಮತ್ತೆ ಎದುರಾದಾಗ ಒಂದು ನಿಮಿಷವಾಗುವುದರೊಳಗೆ ಗಾಮಾ ಗೆದ್ದನು. ಸತ್ಯವು ಹೊರಬೀಳಲು ಹದಿನೆಂಟು ವರ್ಷಗಳು ಬೇಕಾದುವು. ಎಲ್ಲ ಮಲ್ಲರಿಗೂ ಅಷ್ಟು ಆಯುಸ್ಸೂ ಅವಕಾಶವೂ ಎಲ್ಲಿಂದ ಬರಬೇಕು?

ಹೊಸದರ ಮಿಕ್ಕ ಗುಣಗಳನ್ನೂ ಹೇಳತಕ್ಕದ್ದೇ. ತೂಕಕ್ಕೆ ತಕ್ಕಂತೆ ಜೋಡಿಗಳನ್ನು ಕಟ್ಟುವುದು ಪರದೇಶದ ಹುಚ್ಚೆಂದು ತಿಳಿದವರುಂಟು. ಕಲ್ಯಾಣದ ಚಾಳುಕ್ಯರ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿಯೇ ಮಲ್ಲವಿನೋದವೆಂಬ ಭಾಗವಿದ್ದು, ಅಲ್ಲಿ ಮಲ್ಲರನ್ನು ವಯಸ್ಸು ಬಲಗಳಿಗೆ ಅನುಸಾರವಾಗಿ ವಿಂಗಡಿಸಲಾಗಿದೆ. ಆದುದರಿಂದ ಈ ವಿಷಯದಲ್ಲಿ ಹೊಸದು ಹಳೆಯದರ ಆಶಯವನ್ನೇ ನಿಷ್ಕೃಷ್ಟವಾಗಿ ನಡೆಸಿದೆ. ಹೆಣ್ಣುಮಕ್ಕಳಿಗೆ ಗರಡಿಯ ಬಾಗಿಲು ಬಹುಕಾಲ ಮುಚ್ಚಿದ್ದಿತು; ಹಾಸಿನ ಕುಸ್ತಿಯು ಅವರನ್ನು ಕರೆಯಿತು. 2004ರಲ್ಲಿ ಒಲಿಂಪಿಕ್ಸಿನಲ್ಲಿ ಸ್ತ್ರೀಯರ ಕುಸ್ತಿಯು ಮೊದಲಾಯಿತು. 2016ರಲ್ಲಿ ರಿಯೋ ನಗರದಲ್ಲಿ ಸಾಕ್ಷಿ ಮಲಿಕ್ ಎಂಬಾಕೆಯು ಐದು ಅಂಕಗಳಷ್ಟು ಹಿಂದೆ ಬಿದ್ದಿದ್ದು, ಕೊನೆಯ ಗಳಿಗೆಯಲ್ಲಿ ಎಂಟು ಐದರಿಂದ ಗೆದ್ದು ಕಂಚಿನ ಪದಕವನ್ನು ಪಡೆದಳು. ಅಂಕದ ಕುಸ್ತಿಯಲ್ಲಿ ಧೈರ್ಯಕ್ಕೆ ಸ್ಥಳವಿಲ್ಲವೆನ್ನುವವರು ಈ ಕಾಳಗವನ್ನು ಸ್ಮರಿಸಬೇಕು.

ಇಷ್ಟನ್ನು ಒಪ್ಪಿದ ಮೇಲೆಯೇ ದೋಷವನ್ನು ಹೇಳುವ ಅಧಿಕಾರವು ಬರುವುದು. ವಿಜಯಪುರದ ರೇಷ್ಮೆಯ ವ್ಯವಹಾರವನ್ನು ಬಲ್ಲವರಿಗೆ ಈ ದೋಷವನ್ನು ಸುಲಭವಾಗಿ ತಿಳಿಸಬಹುದು. ಚರಕದ ಮುಂದೆ ಕುಳಿತು ಗೂಡಿನಿಂದ ನೂಲು ಬಿಚ್ಚುವವನು ಎಳೆಯನ್ನು ಬೆರಳಿನಿಂದ ಅರಿಯುತ್ತಾನೆ. ದೂರದ ಕೊಳ್ಳುವವನಿಗೆ ಆ ಬೆರಳಿನ ಅರಿವನ್ನು ಕಳುಹಿಸುವಂತಿಲ್ಲ. ಆದುದರಿಂದ ಡೆನಿಯರ್ ಎಂಬ ಅಂಕವು ಬೇಕಾಯಿತು. ಅದು ನೂಲಿನ ದಪ್ಪವನ್ನು ಹೇಳುತ್ತದೆ; ಕಾಂತಿಯನ್ನು ಹೇಳುವುದಿಲ್ಲ. ಅಂಕವು ಬೆರಳಿಗೆ ಸಹಾಯಕವಾಗಿರುವಷ್ಟು ಕಾಲ ವ್ಯವಹಾರವು ಚೆನ್ನಾಗಿ ನಡೆಯುತ್ತದೆ. ಅಂಕವೇ ನೂಲೆಂದು ತಿಳಿದವನು ಮಾತ್ರ ಮೋಸಹೋಗುತ್ತಾನೆ.

ಅಂಕದ ಕುಸ್ತಿಯು ಹೀಗೆ ಮೋಸಹೋದ ಸಂದರ್ಭಗಳಿವೆ. 2005ರಿಂದ 2013ರ ವರೆಗೆ ಜಾರಿಯಲ್ಲಿದ್ದ ನಿಯಮದಂತೆ, ಫ್ರೀಸ್ಟೈಲ್ ಕುಸ್ತಿಯ ಒಂದು ಸರದಿಯಲ್ಲಿ ಇಬ್ಬರಿಗೂ ಅಂಕ ಬಾರದಿದ್ದರೆ ಚೀಲದಿಂದ ಬಣ್ಣದ ಚೆಂಡೊಂದನ್ನು ತೆಗೆಯುತ್ತಿದ್ದರು. ಯಾವನ ಬಣ್ಣ ಬಂದಿತೋ ಅವನಿಗೆ ಎದುರಾಳಿಯ ಕಾಲನ್ನು ಹಿಡಿದು ಆರಂಭಿಸುವ ಅನುಕೂಲ. ವರ್ಷಗಟ್ಟಲೆ ಮೈಯನ್ನು ದಂಡಿಸಿದವನ ಭಾಗ್ಯವನ್ನು ಚೀಟಿಯೆತ್ತುವಂತೆ ನಿರ್ಣಯಿಸುವುದು ಬಲಪರೀಕ್ಷೆಯೆನಿಸಲಾರದು. 2013ರ ಫೆಬ್ರವರಿಯಲ್ಲಿ ಒಲಿಂಪಿಕ್ ಸಮಿತಿಯವರು ಕುಸ್ತಿಯನ್ನು ಮುಖ್ಯ ಕ್ರೀಡೆಗಳ ಪಟ್ಟಿಯಿಂದ ಬಿಡಬೇಕೆಂದು ಸೂಚಿಸಿದಾಗಲೇ ನಿಯಮಗಳನ್ನು ತಿದ್ದುವ ಬುದ್ಧಿ ಬಂದಿತು. ಸೆಪ್ಟೆಂಬರಿನಲ್ಲಿ ಕುಸ್ತಿಗೆ ಸ್ಥಾನವು ಮರಳಿ ದೊರೆಯಿತು. 2024ರ ಆಗಸ್ಟಿನಲ್ಲಿ ಪ್ಯಾರಿಸಿನಲ್ಲಿ ನಡೆದುದು ಇನ್ನೂ ಕಠಿನವಾದುದು. ವಿನೇಶ್ ಫೋಗಟ್ ಒಂದೇ ದಿನದಲ್ಲಿ ಮೂವರನ್ನು ಗೆದ್ದು ಅಂತಿಮ ಕಾಳಗಕ್ಕೆ ಏರಿದಳು; ಗೆದ್ದವರಲ್ಲಿ ಹಿಂದಿನ ಒಲಿಂಪಿಕ್ಸಿನ ಚಿನ್ನದ ಪದಕವನ್ನು ಪಡೆದ ಜಪಾನಿನ ಸುಸಾಕಿಯೂ ಒಬ್ಬಳು. ಮರುದಿನ ಬೆಳಗ್ಗೆ ಐವತ್ತು ಕಿಲೋ ತೂಕದ ಮಿತಿಗಿಂತ ನೂರು ಗ್ರಾಂ ಹೆಚ್ಚಾಗಿದ್ದುದರಿಂದ ಅವಳು ಅನರ್ಹಳಾದಳು. ಅಷ್ಟೇ ಅಲ್ಲದೆ, ಆಗಿನ ನಿಯಮದಂತೆ ಎಲ್ಲರಿಗಿಂತ ಕೊನೆಯ ಸ್ಥಾನವು ಅವಳದಾಯಿತು. ತೂಕದ ಮಿತಿಯನ್ನು ಎಲ್ಲರಿಗೂ ಒಂದೇ ಸಮನಾಗಿ ನಡೆಸಬೇಕೆಂಬುದು ಧರ್ಮವೇ. ಅಂತಿಮ ಕಾಳಗಕ್ಕೆ ಅವಳನ್ನು ಬಿಡದಿದ್ದುದನ್ನು ತಪ್ಪೆನ್ನಲಾಗದು. ಹಿಂದಿನ ದಿನ ಮಿತಿಯೊಳಗಿದ್ದು ಎಲ್ಲರೆದುರಿಗೆ ಗೆದ್ದುದನ್ನೂ ಇಲ್ಲವೆನ್ನುವುದು ಮಾತ್ರ ಅಳತೆಯು ಅಳೆಯತಕ್ಕ ವಸ್ತುವನ್ನೇ ನುಂಗಿದಂತೆ.

ಎರಡನೆಯ ದೋಷವು ಇದಕ್ಕಿಂತ ಆಳವಾದುದು. ಗರಡಿಯು ಬಲವನ್ನು ಪರೀಕ್ಷಿಸುವುದು, ಬಲವನ್ನು ಪಳಗಿಸುವುದು ಎಂಬ ಎರಡು ಕಾರ್ಯಗಳನ್ನು ಹೊತ್ತಿತ್ತು. ಹಾಸಿನ ಕುಸ್ತಿಯು ಮೊದಲನೆಯದನ್ನು ಬಹುಮಟ್ಟಿಗೆ ಚೆನ್ನಾಗಿಯೇ ನಡೆಸಿತು. ಎರಡನೆಯದನ್ನು ತನ್ನ ಕೆಲಸವೆಂದು ಭಾವಿಸಲಿಲ್ಲ. ಹಾಸನ್ನು ಅಗೆಯಬೇಕಾಗಿಲ್ಲ, ಅದನ್ನು ಹಾಸಲು ಸುತ್ತಲು ಆಳುಗಳಿರುತ್ತಾರೆ. ಪದಕದ ಆಸೆಯಿಲ್ಲದ ಹುಡುಗನಿಗೆ ಅಲ್ಲಿ ಏನು ಕೆಲಸ? ಗರಡಿಯಲ್ಲಾದರೋ ಎಂದಿಗೂ ಅಖಾಡಕ್ಕೆ ಇಳಿಯದ ಹುಡುಗನು ಸಹ ಹತ್ತು ವರ್ಷ ಮಣ್ಣು ಅಗೆದು, ತನ್ನ ಮುಂಗೋಪವನ್ನು ಅಲ್ಲಿಯೇ ಕಳೆದು, ಬೀದಿಯಲ್ಲಿ ಯಾರ ಮೇಲೂ ಕೈಮಾಡದವನಾಗಿ ಮನೆಗೆ ಹಿಂದಿರುಗುವುದಿತ್ತು. ಗೆದ್ದವರ ಪಟ್ಟಿಯಲ್ಲಿ ಅವನ ಹೆಸರು ಇರುವುದಿಲ್ಲ. ಊರಿಗೆ ಗರಡಿಯಿಂದ ಬಂದ ದೊಡ್ಡ ಲಾಭವು ಬಹುಶಃ ಅವನೇ ಆಗಿದ್ದನು.

"ಕಾಲವು ಬದಲಾಗಿದೆ, ನಡತೆಯನ್ನು ಕಲಿಸಲು ಶಾಲೆಯಿದೆ, ಮನೆಯಿದೆ, ಕುಸ್ತಿಯ ಮೇಲೆ ಆ ಭಾರವನ್ನು ಹೊರಿಸುವುದೇಕೆ?" ಎಂಬುದು ಪೂರ್ವಪಕ್ಷ. ಧರ್ಮಶಾಸ್ತ್ರದಲ್ಲಿ ಇದಕ್ಕೆ ಸಮಾಧಾನವಿದೆ. ಸತ್ತವನ ರಿಕ್ಥವನ್ನು, ಎಂದರೆ ಆಸ್ತಿಯನ್ನು, ಪಡೆದವನೇ ಅವನ ಋಣವನ್ನೂ ತೀರಿಸತಕ್ಕವನೆಂಬ ವ್ಯವಸ್ಥೆಯನ್ನು ಸ್ಮೃತಿಕಾರರು ಮಾಡಿದ್ದಾರೆ. ಹಾಸಿನ ಕುಸ್ತಿಯು ಬೇರೊಂದು ಹೆಸರಿನಿಂದ, ಬೇರೊಂದು ಕ್ರೀಡೆಯಾಗಿ ಬಂದಿದ್ದರೆ ಅದನ್ನು ಈ ಪ್ರಶ್ನೆಯಿಂದ ಪೀಡಿಸಬೇಕಾಗಿರಲಿಲ್ಲ. ಅದು ಕುಸ್ತಿಯೆಂಬ ಹೆಸರನ್ನೂ ಪೈಲ್ವಾನನೆಂಬ ಗೌರವವನ್ನೂ ಗರಡಿಗಳು ತಲೆಮಾರುಗಳಿಂದ ಕೂಡಿಸಿದ ಜನಾದರವನ್ನೂ ಸ್ವೀಕರಿಸಿದೆ. ಆದುದರಿಂದ ಋಣವೂ ಅದರದೇ. ಹಿಂದಿನದರಂತೆ ಕಾಣದಿರುವುದು ಉತ್ತರಾಧಿಕಾರಿಯ ತಪ್ಪಲ್ಲ. ಹಿಂದಿನದು ಹೊತ್ತ ಭಾರವೇನೆಂದು ವಿಚಾರಿಸದೆ ಅದರ ಮಾನವನ್ನು ಮಾತ್ರ ತೆಗೆದುಕೊಳ್ಳುವುದು ತಪ್ಪು.

ಆದರೆ ಇಲ್ಲಿಗೇ ನಿಲ್ಲಿಸಿದರೆ ತೀರ್ಪು ಅರ್ಧವಾಗುವುದು. ಸಾಲವು ಒಂದೇ ಕಡೆಯದಲ್ಲ. ಕೊನೆಯ ಪಟ್ಟೊಂದನ್ನು ಶಿಷ್ಯನಿಗೆ ಹೇಳಿಕೊಡದೆ ಉಳಿಸಿಕೊಂಡ ಗುರುವಿನ ಕಥೆಯನ್ನು ಕೇಳದವರಿಲ್ಲ. ಜನರು ಅದನ್ನು ಗುರುವಿನ ಜಾಣತನವೆಂದು ನಗುತ್ತ ಹೇಳುತ್ತಾರೆ. ಅದರಲ್ಲಿ ನಗತಕ್ಕದ್ದೇನಿದೆ? ಹಾಗೆ ಉಳಿಸಿಕೊಂಡ ಪಟ್ಟು ಗುರುವಿನೊಡನೆಯೇ ಸುಡುಗಾಡಿಗೆ ಹೋಗುತ್ತದೆ. ಬಾಗಿಲನ್ನು ಹೆಣ್ಣುಮಕ್ಕಳಿಗೆ ಮುಚ್ಚಿ, ಪಟ್ಟುಗಳನ್ನು ಗುಟ್ಟಾಗಿಟ್ಟು, ಶ್ರೀಮಂತರ ಪೋಷಣೆಯೊಂದನ್ನೇ ನಂಬಿ ಕುಳಿತ ಗರಡಿಯು, ತನ್ನ ಉತ್ತರಾಧಿಕಾರಿಯು ತನ್ನಂತಿಲ್ಲವೆಂದು ದೂರುವುದಕ್ಕೆ ಪೂರ್ಣವಾದ ಹಕ್ಕನ್ನು ಪಡೆದಿಲ್ಲ. ಕೊಡದೆ ಇದ್ದುದನ್ನು ಪಡೆಯಲಿಲ್ಲವೆಂದು ಯಾರನ್ನೂ ಶಿಕ್ಷಿಸಲಾಗದು.

ಎರಡೂ ಒಂದಕ್ಕೊಂದು ನೆರವಾದರೆ ಏನಾಗಬಹುದೆಂಬುದಕ್ಕೆ ಒಂದು ನಿದರ್ಶನವಿದೆ. ಸಾತಾರಾ ಜಿಲ್ಲೆಯ ಖಾಶಾಬಾ ಜಾಧವನು ಮಣ್ಣಿನ ಕುಸ್ತಿಯಲ್ಲಿ ಬೆಳೆದವನು. 1948ರಲ್ಲಿ ಲಂಡನ್ನಿನ ಒಲಿಂಪಿಕ್ಸಿನಲ್ಲಿ ಹಾಸಿನ ಅಭ್ಯಾಸವಿಲ್ಲದೆಯೂ ಆರನೆಯವನಾದನು. ಹಾಸನ್ನು ಹಳಿಯುತ್ತ ಕೂಡದೆ ಅದರ ನಿಯಮಗಳನ್ನು ಕಲಿತು, 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕವನ್ನು ಪಡೆದನು. ಸ್ವತಂತ್ರ ಭಾರತಕ್ಕೆ ಒಬ್ಬನೇ ವ್ಯಕ್ತಿಯು ತಂದ ಮೊದಲನೆಯ ಒಲಿಂಪಿಕ್ ಪದಕವದು. ಮಣ್ಣು ಕೊಟ್ಟ ಮೈಯಿಂದ ಹಾಸಿನ ಮೇಲೆ ಅವನು ಗೆದ್ದನು. ಒಂದಕ್ಕಾಗಿ ಮತ್ತೊಂದನ್ನು ಬಿಡಬೇಕಾಗಲಿಲ್ಲ.

ಆದುದರಿಂದ ಹೊಸದನ್ನು ತಕ್ಕಡಿಯಲ್ಲಿಡುವ ಹಿರಿಯರು ಅದು ಏನನ್ನು ಬಿಟ್ಟಿದೆಯೆಂದು ಕೇಳುವ ಮುನ್ನ ತಾವು ಏನನ್ನು ಕೊಟ್ಟೆವೆಂದು ಕೇಳಿಕೊಳ್ಳುವುದು ಯುಕ್ತ. ಹೊಸದನ್ನು ನಡೆಸುವ ಕಿರಿಯರೂ ಗೆಲುವಿನ ಪಟ್ಟಿಯನ್ನು ಮುಚ್ಚಿಟ್ಟು, ಪದಕವನ್ನು ಪಡೆಯದ ಹುಡುಗನಿಗೂ ಹುಡುಗಿಗೂ ತಮ್ಮ ಅಂಗಳದಲ್ಲಿ ಏನು ಸಿಕ್ಕುತ್ತದೆಂದು ಆಗಾಗ ವಿಚಾರಿಸಬೇಕು. ಈ ಎರಡು ಪ್ರಶ್ನೆಗಳೂ ಕುಸ್ತಿಗೆ ಮಾತ್ರ ಸಲ್ಲತಕ್ಕವಲ್ಲವೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.