ಕಂಡವರು ಯಾರು, ಹೇಳಿದವರು ಯಾರು

ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಹೂವಿನ ಪದ್ಯವನ್ನು ಎಷ್ಟು ತಂಡದ ಮಕ್ಕಳಿಗೆ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಪಠ್ಯದಲ್ಲಿ ಇದ್ದಾಗ ಪಾಠವೆಂದು, ಇಲ್ಲದಾಗ ಬಾಯಿಪಾಠಕ್ಕೆಂದು. ಆದರೆ ಆ ಹೂವನ್ನು ಮಾತ್ರ ಗಿಡದಲ್ಲಿ ಕಂಡವಳಲ್ಲ. ಕಾಣದ್ದನ್ನು ಕಂಡಂತೆ ಹೇಳುವುದು ನಮ್ಮ ಕಸುಬಿನಲ್ಲಿ ಇದ್ದದ್ದೇ. ಹಿಮವನ್ನೂ ಹೇಳುತ್ತೇವೆ, ಮರುಭೂಮಿಯನ್ನೂ ಹೇಳುತ್ತೇವೆ.

ಹೋದ ವರ್ಷ ಬೇಸಿಗೆ ರಜೆಯಲ್ಲಿ ಮ್ಯಾಂಚೆಸ್ಟರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. "ಇಲ್ಲಿಗೆ ಬಂದೂ ಚಕ್ಕುಲಿ ಒತ್ತುತ್ತಾ ಕೂರಬೇಡಮ್ಮ" ಎಂದು ಅವಳು ಐದು ದಿನದ ಕಾಲ್ನಡಿಗೆಯ ಪ್ರವಾಸಕ್ಕೆ ನಮ್ಮಿಬ್ಬರ ಹೆಸರು ಬರೆಸಿಬಿಟ್ಟಳು. ಅದು ಇಂಗ್ಲೆಂಡಿನ ವಾಯವ್ಯ ಮೂಲೆಯ ಸರೋವರಗಳ ಸೀಮೆ. 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅಲ್ಲಿಯ ಸ್ಕಾಫೆಲ್ ಪೈಕ್ ಇಡೀ ಇಂಗ್ಲೆಂಡಿಗೇ ಎತ್ತರದ ಬೆಟ್ಟ. ಎತ್ತರ 978 ಮೀಟರು, ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟು. ಆದರೂ ಅದರ ಬಗ್ಗೆ ಅವರಿಗೆ ಎಷ್ಟು ಅಭಿಮಾನ!

ನಾವು ಹನ್ನೆರಡು ಜನ. ದಾರಿ ತೋರಿಸುವಾಕೆಗೆ ಅರವತ್ತರ ಆಸುಪಾಸು. ಕತ್ತಿನಲ್ಲಿ ನಕ್ಷೆ, ಬೆನ್ನಿಗೆ ಚೀಲ. ರೈತರ ಹೊಲಗಳ ನಡುವೆಯೇ ದಾರಿ. ಹಾಗೆ ನಡೆದುಹೋಗಲು ಅಲ್ಲಿ ಕಾನೂನು ಹಕ್ಕು ಕೊಟ್ಟಿದೆ. ದಾಟಿದ ಗೇಟನ್ನು ಹಿಂದೆ ಬರುವವರು ಮುಚ್ಚಬೇಕು, ಅಷ್ಟೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಕಟ್ಟಿದ ಗೋಡೆಗಳು ಬೆಟ್ಟದ ಮೇಲಕ್ಕೂ ಹತ್ತಿಹೋಗಿದ್ದವು. ಅಲ್ಲಿಯ ಹರ್ಡ್‌ವಿಕ್ ಕುರಿಗಳು ಹುಟ್ಟುವಾಗ ಕಪ್ಪು, ಬೆಳೆಯುತ್ತ ಬೂದು. ಮರಿಗಳು ತಾಯಂದಿರ ಹಿಂದೆ ಓಡುತ್ತಿದ್ದವು. ಮೊದಲ ದಿನವೆಲ್ಲ ನನಗೆ ಒಂದು ಬಗೆಯ ಸಂಕೋಚ. ನೀರಿಗೆಂದು, ಸೌದೆಗೆಂದು, ದೇವರಿಗೆಂದು, ಕಡೆಗೆ ಡಾಕ್ಟರು ಸಕ್ಕರೆ ಕಾಯಿಲೆ ಎಂದರೆಂದು ನಡೆದವರು ನಾವು. ಸುಮ್ಮನೆ ನಡೆಯುವುದೂ ಒಂದು ಕೆಲಸವೇ ಎನ್ನಿಸುತ್ತಿತ್ತು.

ಎರಡನೆಯ ದಿನ ರೈಡಲ್ ಎಂಬ ಹಳ್ಳಿಯಿಂದ ಗ್ರಾಸ್ಮಿಯರಿಗೆ ಹಳೆಯ ಹೆಣದ ದಾರಿಯಲ್ಲಿ ನಡೆದೆವು. ಹಿಂದೆ ರೈಡಲ್‌ನಲ್ಲಿ ಸತ್ತವರನ್ನು ಗ್ರಾಸ್ಮಿಯರಿನ ಚರ್ಚಿಗೆ ಹೊತ್ತೊಯ್ಯುತ್ತಿದ್ದ ದಾರಿ ಅದು. ನಡುವೆ ಹೊತ್ತವರು ಪೆಟ್ಟಿಗೆ ಇಳಿಸಿ ದಣಿವಾರಿಸಿಕೊಳ್ಳಲು ಒಂದು ಚಪ್ಪಟೆ ಕಲ್ಲು. ನಮ್ಮಲ್ಲಿ ತಲೆಹೊರೆ ಇಳಿಸಲು ದಾರಿಬದಿಯಲ್ಲಿ ಕಲ್ಲು ನಿಲ್ಲಿಸುತ್ತಿದ್ದರಲ್ಲ, ಅದೇ ನೆನಪಾಯಿತು.

ಮೂರನೆಯ ದಿನ ಅಲ್ಸ್‌ವಾಟರ್ ಸರೋವರದ ದಂಡೆ. ಡ್ಯಾಫೊಡಿಲ್ ಕಾಲ ಮುಗಿದು, ಒಣಗಿದ ಎಲೆಯಷ್ಟೇ ಉಳಿದಿತ್ತು. ಅಲ್ಲಿ ನಿಂತು ದಾರಿ ತೋರಿಸುವಾಕೆ ಹೇಳಿದಳು: "1802ರ ಏಪ್ರಿಲ್ 15ರಂದು ಈ ದಂಡೆಯಲ್ಲಿ ಹೂವನ್ನು ಕಂಡವರು ಒಬ್ಬರಲ್ಲ, ಇಬ್ಬರು."

ಪದ್ಯದಲ್ಲಿ ಕವಿ ಒಂಟಿಯಾಗಿ ಅಲೆಯುತ್ತಾನೆ. ನಿಜವಾಗಿ ಆವತ್ತು ಪಕ್ಕದಲ್ಲಿ ತಂಗಿ ಡೊರೊಥಿ ಇದ್ದಳು. ಬಿರುಗಾಳಿಯ ದಿನ. ನೀರಂಚಿನ ಹೂವಿನ ಸಾಲನ್ನು, ಗಾಳಿಗೆ ಅವು ಕುಣಿದದ್ದನ್ನು ಆಕೆ ತನ್ನ ದಿನಚರಿಯಲ್ಲಿ ಬರೆದಿಟ್ಟಳು. ಅಣ್ಣನಿಗೆ ಸಂತೋಷವಾಗಲೆಂದೇ ಆಕೆ ಆ ದಿನಚರಿ ಶುರುಮಾಡಿದ್ದು. ಪದ್ಯ ಅಚ್ಚಾದದ್ದು 1807ರಲ್ಲಿ. ದಿನಚರಿ ಆಕೆ ಬದುಕಿರುವಾಗ ಅಚ್ಚಾಗಲೇ ಇಲ್ಲ. 1818ರಲ್ಲಿ ಆಕೆ ಗೆಳತಿಯೊಂದಿಗೆ ಸ್ಕಾಫೆಲ್ ಪೈಕ್ ಹತ್ತಿ ಅದರ ವರ್ಣನೆಯನ್ನು ಕಾಗದದಲ್ಲಿ ಬರೆದಳು. ಅದು ಮುಂದೆ ಅಣ್ಣನ ಪ್ರವಾಸದ ಪುಸ್ತಕದಲ್ಲಿ ಸೇರಿತು. ಆಕೆಯ ಹೆಸರು ಮಾತ್ರ ಸೇರಲಿಲ್ಲ.

ಕೇಳುತ್ತಿದ್ದವರೆಲ್ಲ ತಲೆದೂಗಿದರು. ನನಗೆ ಮಾತ್ರ ಎದೆ ಧಸಕ್ಕೆಂದಿತು.

ನನ್ನ ಬಿ.ಎಡ್. ಮುಗಿದದ್ದು ನನ್ನ ನಾದಿನಿಯಿಂದ. ಓದು ಏಳನೆಯ ತರಗತಿಗೆ ನಿಂತಿತು, ಕಂಕಣ ಕೂಡಿಬರಲಿಲ್ಲ, ನಮ್ಮ ಜೊತೆಯಲ್ಲೇ ಉಳಿದಳು. ಎಳೆಗೂಸನ್ನು ಅವಳ ಮಡಿಲಿಗೆ ಹಾಕಿ ನಾನು ಕಾಲೇಜಿಗೆ ಹೋಗುತ್ತಿದ್ದೆ. ಮುಂದೆ ಕೆಲಸ ಸಿಕ್ಕಿದ ಮೇಲೆ ಒಂದು ರಾತ್ರಿ, ಕಾಣದ ಹೂವನ್ನು ಹಳ್ಳಿ ಮಕ್ಕಳಿಗೆ ಹೇಗೆ ಹೇಳಲಿ ಎಂದು ತಲೆ ಕೆಡಿಸಿಕೊಂಡು ಕುಳಿತಿದ್ದೆ. ಅವಳು ಪಾತ್ರೆ ಒರೆಸುತ್ತಾ, "ಹುಚ್ಚೆಳ್ಳು ಹೊಲ ಹೇಳಿ ಅತ್ತಿಗೆ, ರಾಗಿ ನಡುವೆ ಅಕ್ಕಡಿ ಸಾಲು ಹಳದಿಯಾಗಿ ಗಾಳೀಗೆ ಆಡುತ್ತಲ್ಲ, ಹಂಗೆ ಅಂದ್ರೆ ಯಾವ ಮಗೂಗೆ ತಿಳಿಯಲ್ಲ?" ಎಂದಳು.

ಹಾಗೆಯೇ ಹೇಳಿದೆ. ಮಕ್ಕಳ ಕಣ್ಣು ಅರಳಿತು. 1998ರಲ್ಲಿ ಶಿಕ್ಷಕರ ಶಿಬಿರದಲ್ಲಿ ಅದನ್ನೇ ಮಾದರಿ ಪಾಠ ಮಾಡಿದೆ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು. "ಇದು ನಿಮಗೆ ಹೇಗೆ ಹೊಳೆಯಿತು ಮೇಡಂ?" ಎಂದು ಯಾರೋ ಕೇಳಿದರು. ನಾನು ನಕ್ಕೆ. ಆ ನಗುವೇ ಉತ್ತರವಾಯಿತು.

ಸರೋವರದ ದಂಡೆಯಿಂದ ಹಿಂದೆ ಬರುವಾಗ ನನ್ನೊಳಗೇ ಒಂದು ಪಂಚಾಯಿತಿ ನಡೆಯಿತು. ಇದು ಕಳ್ಳತನವೇ? ಅಲ್ಲ ಎನ್ನಿಸಿತು. ಕಳ್ಳತನ ಎನ್ನಬೇಕಾದರೆ ಕಳೆದುಕೊಂಡವರು ಇರಬೇಕು. ಪ್ರೀತಿಯಿಂದ ಕೊಟ್ಟವರು ಕಳೆದುಕೊಂಡರೆಂದು ಹೇಗೆ ಹೇಳುವುದು? ಕವಿಯನ್ನೂ ಸುಮ್ಮನೆ ಬೈಯುವಂತಿಲ್ಲ. ತಂಗಿಯಿಂದ ಪಡೆದದ್ದನ್ನು ಆತ ಬೇರೆ ಪದ್ಯಗಳಲ್ಲಿ ನೆನೆದಿದ್ದಾನೆ. ಆ ಹೂವಿನ ಪದ್ಯದ ಎರಡು ಸಾಲು ಹೆಂಡತಿ ಮೇರಿಯದೆಂದು ಒಪ್ಪಿಕೊಂಡಿದ್ದಾನೆ. ತಂಗಿ ವರ್ಷಗಟ್ಟಲೆ ಕಾಯಿಲೆ ಬಿದ್ದಾಗ ಮನೆಯಲ್ಲಿಟ್ಟು ನೋಡಿಕೊಂಡಿದ್ದಾರೆ. ಕಂಡದ್ದೆಲ್ಲ ಪದ್ಯವಾಗುವುದೂ ಇಲ್ಲ. ಅದಕ್ಕೆ ಆತನ ದುಡಿಮೆಯೂ ಬೇಕಿತ್ತು.

ಆದರೆ ಇನ್ನೊಂದು ಮಾತು ಬಿಡದೆ ಕಾಡಿತು. ಹೊರಗಿನವರು ಒಂದು ಲೋಟ ನೀರು ಕೊಟ್ಟರೂ ಉಪಕಾರವಾಯಿತು ಎನ್ನುತ್ತೇವೆ. ಮನೆಯವರಿಗೆ ಆ ಮಾತಿಲ್ಲ. "ನಮ್ಮವರು ತಾನೆ" ಎನ್ನುತ್ತೇವೆ. ಈ "ನಮ್ಮವರು" ಎಂಬ ಮಾತು ಎಷ್ಟು ಸವಿಯೋ ಅಷ್ಟೇ ಅನುಕೂಲದ್ದು. ಸಾಲವನ್ನು ತೀರಿಸದೆಯೇ ಅಳಿಸಿಬಿಡುತ್ತದೆ. ದೇವಋಣ, ಋಷಿಋಣ, ಪಿತೃಋಣ ಎಂದು ಹಿರಿಯರು ಎಣಿಸಿಟ್ಟರು. ಅತ್ತಿಗೆ ಓದಲೆಂದು ಮಗು ಎತ್ತಿಕೊಂಡ ನಾದಿನಿಯ ಋಣ ಯಾವ ಲೆಕ್ಕದಲ್ಲಿ ಬರುತ್ತದೆ? ಕೊಟ್ಟವರು ಲೆಕ್ಕ ಇಡದಿರುವುದು ಅವರ ದೊಡ್ಡತನ. ಪಡೆದವರೂ ಇಡದಿದ್ದರೆ ಅದಕ್ಕೆ ದೊಡ್ಡತನವೆನ್ನಲು ಬರುವುದಿಲ್ಲ.

ಊರಿಗೆ ಬಂದವಳೇ ನಾದಿನಿಗೆ ಎಲ್ಲ ಹೇಳಿದೆ. ಸೊಪ್ಪು ಸೋಸುತ್ತಿದ್ದಳು. "ಅಯ್ಯೋ, ಹುಚ್ಚೆಳ್ಳು ಹೊಲ ಯಾರು ಕಂಡಿಲ್ಲ ಅತ್ತಿಗೆ! ನಾನು ಅಂದಿದ್ದು ನಂಗೇ ನೆನಪಿಲ್ಲ" ಎಂದು ನಕ್ಕಳು. ನನ್ನ ಮನಸ್ಸು ಹಗುರವಾಯಿತು. ಆಗ ಅವಳು ತಲೆ ಎತ್ತದೆಯೇ ಹೇಳಿದಳು: "ಆವತ್ತು ಆ ಶಿಬಿರಕ್ಕೆ ನಾನೂ ಬರ್ತೀನಿ ಅಂದಿದ್ದೆ. ನೀವು ಪಾಠ ಮಾಡೋದು ಒಂದ್ಸಲ ನೋಡಬೇಕು ಅಂತಿತ್ತು. ಮಗು ಯಾರು ನೋಡ್ಕೋತಾರೆ ಅಂದ್ರಿ. ಅದು ನೆನಪಿದೆ."

ನನಗೆ ಅದು ನೆನಪಿರಲಿಲ್ಲ. ಒಂದು ಸಾಲ ತೀರಿಸಲು ಹೋದವಳಿಗೆ ದೊಡ್ಡ ಸಾಲ ಯಾವುದೆಂದು ತಿಳಿಯಿತು. ಅವಳು ಹೆಸರು ಕೇಳಿರಲಿಲ್ಲ, ಜೊತೆಗೆ ಬರುತ್ತೇನೆ ಎಂದಿದ್ದಳು. ಹೆಸರು ಹೇಳಿಬಿಟ್ಟರೆ ಮುಗಿಯಿತು ಎಂದುಕೊಂಡದ್ದೂ ನನ್ನ ಅನುಕೂಲಕ್ಕೇ.

ಮಳೆಗಾಲ ಕಳೆದು ಹುಚ್ಚೆಳ್ಳು ಹೂಬಿಟ್ಟಾಗ ಇಬ್ಬರೂ ಬಸ್ಸು ಹತ್ತಿ ಅವಳು ಹುಟ್ಟಿ ಬೆಳೆದ ಊರಿಗೆ ಹೋದೆವು. ಕೆಲಸವೇನೂ ಇರಲಿಲ್ಲ. ಬದುವಿನ ಮೇಲೆ ಸುಮ್ಮನೆ ನಡೆದೆವು. ಅವಳು ಮುಂದೆ, ನಾನು ಹಿಂದೆ. ಈ ಬರಹದಲ್ಲಿ ಅವಳ ಹೆಸರು ಹಾಕಲೇ ಎಂದು ಕೇಳಿದೆ. "ಬೇಡ, ನಾದಿನಿ ಅಂತ ಬರೀರಿ ಸಾಕು" ಎಂದಳು. ಅವಳು ಹೇಳಿದ ಹಾಗೆಯೇ ಬರೆದಿದ್ದೇನೆ. ಓದುತ್ತಿರುವ ನಿಮ್ಮ ಮನೆಯಲ್ಲೂ ಇಂಥವರು ಒಬ್ಬರು ಇರಬಹುದು. ಅವರು ಎಲ್ಲಿಗೆ ಬರುತ್ತೇನೆ ಎಂದಿದ್ದರು, ಒಮ್ಮೆ ಕೇಳಿ ನೋಡಿ.