ಗುಟ್ಟನ್ನು ಹೇಳಬಹುದೆ?

ಸುಖಗಳಲ್ಲಿ ಹಂಚಿಕೊಂಡಷ್ಟೂ ಬೆಳೆಯುವುವು ಕೆಲವು, ಹಂಚಿದೊಡನೆ ಕರಗಿಹೋಗುವುವು ಕೆಲವು. ಸಂಗೀತವು ಮೊದಲನೆಯ ಜಾತಿಗೆ ಸೇರಿದುದು, ಒಗಟು ಎರಡನೆಯದಕ್ಕೆ. ಒಗಟಿನ ಅರ್ಥವನ್ನು ಇತರರಿಂದ ಕೇಳಿ ತಿಳಿದವನಿಗೆ ಅರ್ಥ ದೊರೆಯಿತು, ಒಗಟು ಹೋಯಿತು. ಈ ಹಳೆಯ ತೊಡಕು ಈಗ ವೀಡಿಯೋ ಗೇಮ್ ಎಂಬ ಹೊಸ ವಿನೋದದಲ್ಲಿ, ಅದರಲ್ಲಿಯೂ ಇಂಡೀ ಎಂದು ಹೆಸರಾದ ಆಟಗಳಲ್ಲಿ, ಬಲವಾಗಿ ತಲೆದೋರಿದೆ. ದೊಡ್ಡ ಸಂಸ್ಥೆಗಳ ಅಂಕೆಗೆ ಒಳಪಡದೆ ಒಬ್ಬರೋ ಕೆಲವರೋ ಕೂಡಿ ರಚಿಸುವ ಆಟಗಳಿಗೆ ಈ ಹೆಸರು.

೨೦೧೯ರಲ್ಲಿ ಹೊರಬಂದ ‘ಔಟರ್ ವೈಲ್ಡ್ಸ್’ ಎಂಬುದನ್ನು ನೋಡಬಹುದು. ಅಲೆಕ್ಸ್ ಬೀಚಮ್ ಎಂಬವರು ಅಮೆರಿಕೆಯ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ಪದವಿಗಾಗಿ ಕೈಗೊಂಡ ಕೆಲಸವೇ ಅದರ ಮೂಲ. ಆಟಗಾರನು ಪುಟ್ಟದೊಂದು ನೌಕೆಯಲ್ಲಿ ಕುಳಿತು ಪುಟ್ಟದೊಂದು ಸೌರಮಂಡಲದಲ್ಲಿ ಸಂಚರಿಸುತ್ತಾನೆ. ೨೨ ನಿಮಿಷಗಳಾಗುತ್ತಲೆ ಸೂರ್ಯನು ಸಿಡಿದು ಸಕಲವೂ ಲಯವಾಗುವುದು; ಮರುಕ್ಷಣ ಎಲ್ಲವೂ ಮೊದಲಿದ್ದಂತೆಯೆ ಆರಂಭವಾಗುವುದು. ಬೇರೆ ಆಟಗಳಲ್ಲಿ ಆಯುಧವನ್ನೋ ಬಲವನ್ನೋ ಕೂಡಿಹಾಕುತ್ತ ಮುಂದುವರಿಯುವುದು ವಾಡಿಕೆ. ಇಲ್ಲಿ ಲಯವನ್ನು ದಾಟಿ ಬರುವುದು ತಿಳಿವಳಿಕೆಯೊಂದೇ. ಕೊನೆಯನ್ನು ಮುಟ್ಟುವ ದಾರಿ ಹೆಚ್ಚುಕಡಮೆ ಮೊದಲಿನಿಂದಲೂ ತೆರೆದೇ ಇದೆ. ಅದಕ್ಕೆ ಬಿದ್ದಿರುವ ಬೀಗವೆಂದರೆ ಆಟಗಾರನ ಅಜ್ಞಾನ. ಹೀಗಿರುವಲ್ಲಿ ಬಲ್ಲವನೊಬ್ಬನು ಬಳಿಯಲ್ಲಿ ಕುಳಿತು ನಾಲ್ಕು ಮಾತಾಡಿದರೆ ಸಾಕು, ಅನೇಕ ದಿನಗಳ ಸಂಚಾರವು ಅರ್ಧ ಗಂಟೆಯ ಚಾಕರಿಯಾಗುವುದು. ಕದ್ದ ಹಣವನ್ನು ಹಿಂದಿರುಗಿಸಬಹುದು. ಹೇಳಿದ ಗುಟ್ಟನ್ನು ಹಿಂದಕ್ಕೆ ತೆಗೆದುಕೊಳ್ಳುವುದೆಂತು?

ಒಬ್ಬನು ಬೇಕೆಂದೇ ಬಚ್ಚಿಟ್ಟುದನ್ನು ಇನ್ನೊಬ್ಬನು ಹುಡುಕಿದರೆ ಅದನ್ನು ಶೋಧನೆಯೆನ್ನಬಹುದೆ, ಅಂತಹ ಸುಖಕ್ಕೆ ಇಷ್ಟು ಮರ್ಯಾದೆಯೇಕೆ ಎಂದು ಆಕ್ಷೇಪಿಸುವವರುಂಟು. ಲೂಕಸ್ ಪೋಪ್ ರಚಿಸಿದ, ೨೦೧೮ರ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಆಟವು ಇದಕ್ಕೆ ತಕ್ಕ ಉತ್ತರ. ೧೮೦೭ರಲ್ಲಿ ಹಡಗೊಂದು ಜನರಿಲ್ಲದೆ ಬಂದರಿಗೆ ಮರಳುತ್ತದೆ. ಅದರಲ್ಲಿದ್ದ ೬೦ ಮಂದಿ ಯಾರು ಯಾರು, ಯಾರಿಗೆ ಏನಾಯಿತು ಎಂಬುದನ್ನು ಈಸ್ಟ್ ಇಂಡಿಯಾ ಕಂಪೆನಿಯ ವಿಮಾ ಪರೀಕ್ಷಕನಾಗಿ ಆಟಗಾರನು ನಿರ್ಣಯಿಸಬೇಕು. ಮಾತಿನ ಧಾಟಿ, ಉಡುಪು, ನಿಂತ ಸ್ಥಳ, ಇಂತಹವೇ ಸಾಕ್ಷ್ಯ. (ಇಷ್ಟು ಹೇಳಿದುದೇ ಹೆಚ್ಚಾಯಿತೆನ್ನುವವರೂ ಇದ್ದಾರೆ.) ಮೂರು ನಿರ್ಣಯಗಳು ಸರಿಯಾದ ಹೊರತು ಪುಸ್ತಕವು ಒಂದನ್ನೂ ಒಪ್ಪುವುದಿಲ್ಲ, ಆದುದರಿಂದ ಒಂದೊಂದನ್ನೇ ಊಹಿಸಿ ಗೆಲ್ಲುವುದು ಸುಲಭವಲ್ಲ. ಹಡಗು ಕಲ್ಪಿತ, ಸಂಶಯಪಟ್ಟು, ತಪ್ಪನ್ನು ತಿದ್ದಿ, ತಟ್ಟನೆ ಕಂಡುಕೊಂಡ ಬುದ್ಧಿ ಕಲ್ಪಿತವಲ್ಲ. ಆ ಕ್ಷಣವು ಆಟಗಾರನ ಸ್ವಂತ ಸಂಪಾದನೆ.

ಹಾಗೆಂದು ಮೌನವೇ ಸರ್ವದಾ ಧರ್ಮವೆಂದು ಸಾಧಿಸುವುದು ಹಟವಾದೀತು. ಮಕ್ಕಳು ಮಲಗಿದ ಮೇಲೆ ದೊರೆಯುವ ಒಂದು ಗಂಟೆಯಲ್ಲಿ ಆಡುವ ಗೃಹಿಣಿಯು ಹತ್ತು ದಿನ ಒಂದೇ ಬಾಗಿಲ ಮುಂದೆ ನಿಂತು ಬೇಸತ್ತರೆ, ಆಟವನ್ನೇ ಬಿಟ್ಟುಬಿಡುವಳು. ಅಲ್ಲಿಗೆ ಕಾಪಾಡಿದ ಗುಟ್ಟಿನಿಂದ ಯಾರಿಗೇನು ಫಲ? ಬಲ್ಲವನು ಆಕೆಯನ್ನು ಕೇಳಿ, ಆಕೆ ಬೇಡಿದರೆ, ಎಲ್ಲಿ ನೋಡಬೇಕೆಂಬುದನ್ನು ತೋರಿಸಲಿ. ಏನು ಕಾಣುವುದೆಂಬುದನ್ನು ಕಣ್ಣಿಗೇ ಬಿಡಲಿ. ನಿಜವಾಗಿ ನೋಡಿದರೆ, ಗುಟ್ಟನ್ನು ಹೊರಗೆಡಹುವವರಲ್ಲಿ ಹೆಚ್ಚಿನವರನ್ನು ನೂಕುವುದು ಎದುರಿನವರ ಕಷ್ಟವಲ್ಲ; ತಾನು ಬಲ್ಲೆನೆಂಬುದಕ್ಕೆ ಒಬ್ಬ ಕೇಳುಗನು ಬೇಕೆಂಬ ಚಪಲ.

ಇನ್ನೊಂದು ಪೇಚು ಉಂಟು. ಪ್ರಚಾರಕ್ಕೆ ಹಣವಿಲ್ಲದ ಸಣ್ಣ ರಚನಕಾರರ ಜೀವನವು ಮೆಚ್ಚಿದವರ ಬಾಯಿಮಾತನ್ನು ನೆಚ್ಚಿದೆ. ಏನೂ ಆಡದಿದ್ದರೆ ಅವರಿಗೆ ಅನ್ಯಾಯ. ಮೆಚ್ಚಿಗೆಯ ಕಾರಣವನ್ನು ಬಿಡಿಸಿ ಹೇಳಿದರೆ ಕೇಳಿದವನಿಗೆ ನಷ್ಟ. ಅದಕ್ಕಾಗಿಯೆ ‘ಔಟರ್ ವೈಲ್ಡ್ಸ್’ ಮೆಚ್ಚಿದವರು ಸ್ನೇಹಿತರಿಗೆ ಸಾಮಾನ್ಯವಾಗಿ ಹೇಳುವುದಿಷ್ಟೆ: ಏನನ್ನೂ ಓದದೆ, ಯಾರನ್ನೂ ಕೇಳದೆ, ಹೋಗಿ ಆಡು. ಅದರಲ್ಲಿ ಅಂತಹುದೇನಿದೆಯೆಂದು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ.